ಟಾರ್ ಸ್ಯಾಂಡ್ಸ್ ಮಾಡಿರೋ ಹಾನಿನ ಸ್ಯಾಟಲೈಟ್ ಫೋಟೋದಲ್ಲಿ ನೀವೇ ನೋಡಿ ಅರ್ಥ ಮಾಡ್ಕೊಳ್ಳೋದು ಹೇಗೆ

ಕೆನಡಾದ ಆಲ್ಬರ್ಟಾದಲ್ಲಿ ಮರಳಿನಿಂದ ಎಣ್ಣೆ ತೆಗೀತಾರೆ ಅಂತ ಎಲ್ಲೋ ಓದಿರ್ತೀವಿ, ಕಾಡು ಹೋಯ್ತು ನದಿ ಹೋಯ್ತು ಅಂತ ಒಬ್ಬರು ಹೇಳ್ತಾರೆ, ಇಲ್ಲ ಅಗೆದ ಜಾಗನೆಲ್ಲ ಮತ್ತೆ ಸರಿ ಮಾಡ್ತೀವಿ ಮರ ನೆಟ್ಟಿದೀವಿ ಅಂತ ಕಂಪನಿಯವರು ಹೇಳ್ತಾರೆ, ಓದೋರಿಗೆ ಯಾವುದು ನಿಜ ಅಂತ ತಲೆಬುಡ ಗೊತ್ತಾಗಲ್ಲ. ಇದಕ್ಕೆ ಒಂದು ದಾರಿ ಇದೆ. ಆ ಜಾಗದ ನಲವತ್ತು ವರ್ಷದ ಸ್ಯಾಟಲೈಟ್ ಫೋಟೋ ಫ್ರೀಯಾಗಿ ಸಿಗತ್ತೆ, ಒಂದು ಸಂಜೆ ಕೂತ್ರೆ ಸಾಕು, ನೀವೇ ಕಣ್ಣಾರೆ ನೋಡಬಹುದು. ಆದ್ರೆ ಏನು ನೋಡಬೇಕು, ಯಾವುದನ್ನ ನೋಡಿ ಮೋಸ ಹೋಗಬಾರದು, ಮೇಲಿಂದ ಕಾಣದೇ ಇರೋದು ಏನು, ಇದು ಗೊತ್ತಿರಬೇಕು. ನಾನು ಮೊದಲ ಸಲ ನೋಡ್ದಾಗ ವಿಷದ ನೀರು ತುಂಬಿರೋ ಕೊಳನ ಚೆಂದದ ಕೆರೆ ಅಂದ್ಕೊಂಡು ಮುಂದೆ ಹೋಗಿದ್ದೆ, ಅದಕ್ಕೇ ಇಷ್ಟು ಬಿಡಿಸಿ ಬರೀತಿದೀನಿ.

ಬೇಕಾಗಿರೋದು ಎರಡೇ. ಒಂದು ಗೂಗಲ್ ಅರ್ತ್, ಅದರಲ್ಲಿ ಟೈಮ್‌ಲ್ಯಾಪ್ಸ್ ಅಂತ ಇದೆ, 1984ರಿಂದ ವರ್ಷ ವರ್ಷದ ಚಿತ್ರ ಓಡಿಸಬಹುದು. ಇನ್ನೊಂದು ಕೋಪರ್ನಿಕಸ್ ಬ್ರೌಸರ್, ಯುರೋಪಿನವರದ್ದು, ಅದರಲ್ಲಿ ಸೆಂಟಿನೆಲ್-2 ಸ್ಯಾಟಲೈಟಿನ ಚಿತ್ರ ಕೆಲವೇ ದಿನಕ್ಕೊಂದು ಹೊಸದು ಬರತ್ತೆ. ದೊಡ್ಡ ಸ್ಕ್ರೀನಲ್ಲಿ ನೋಡಿ, ಮೊಬೈಲಲ್ಲಿ ಗೆರೆಗಳು ಕಾಣಲ್ಲ. ಇನ್ನೊಂದು ಮಾತು, ಹುಡುಕುವಾಗ ಟಾರ್ ಸ್ಯಾಂಡ್ಸ್ ಅಂತಲೂ ಹುಡುಕಿ ಆಯಿಲ್ ಸ್ಯಾಂಡ್ಸ್ ಅಂತಲೂ ಹುಡುಕಿ. ಎರಡೂ ಒಂದೇ, ಆದ್ರೆ ಕಂಪನಿ ಮತ್ತೆ ಸರ್ಕಾರದ ಕಾಗದದಲ್ಲಿ ಆಯಿಲ್ ಸ್ಯಾಂಡ್ಸ್ ಅಂತಲೇ ಇರತ್ತೆ, ವಿರೋಧ ಮಾಡೋರು ಹೆಚ್ಚಾಗಿ ಟಾರ್ ಸ್ಯಾಂಡ್ಸ್ ಅಂತಾರೆ, ಒಂದೇ ಹೆಸರಲ್ಲಿ ಹುಡುಕಿದ್ರೆ ಒಂದು ಕಡೆ ಮಾತು ಮಾತ್ರ ಸಿಗತ್ತೆ.

ನೋಡೋಕ್ ಮುಂಚೆ ಇಷ್ಟು ತಿಳ್ಕೊಳ್ಳಿ

ಅಲ್ಲಿ ನೆಲದಡಿ ಇರೋದು ಹರಿಯೋ ಎಣ್ಣೆ ಅಲ್ಲ, ಬಿಟುಮೆನ್, ನಮ್ಮ ಭಾಷೇಲಿ ಹೇಳ್ಬೇಕಂದ್ರೆ ಡಾಂಬರಿನ ಥರದ್ದು, ಮರಳಿನ ಕಾಳು ಕಾಳಿಗೂ ಮೆತ್ತಿಕೊಂಡಿರತ್ತೆ. ಅಗೆದ ಮರಳಲ್ಲಿ ತೂಕದ ಲೆಕ್ಕದಲ್ಲಿ ಬಿಟುಮೆನ್ ಹತ್ತು ಹನ್ನೆರಡು ಪರ್ಸೆಂಟ್ ಅಷ್ಟೇ, ಹಾಗಾಗಿ ಒಂದು ಬ್ಯಾರಲ್ ಎಣ್ಣೆಗೆ ಸುಮಾರು ಎರಡು ಟನ್ ಮರಳು ಅಗೀಬೇಕು. ಅದನ್ನ ಬೇರೆ ಮಾಡೋದು ಹೇಗೆ ಅಂದ್ರೆ ಜಿಡ್ಡು ಪಾತ್ರೆ ತೊಳೆಯೋ ಹಾಗೇನೇ, ಬಿಸಿನೀರು ಹಾಕಿ ಕಲಕಿದ್ರೆ ಜಿಡ್ಡು ನೊರೆ ಜೊತೆ ಮೇಲೆ ತೇಲತ್ತೆ, ಮರಳು ಕೆಳಗೆ ಕೂರತ್ತೆ. ಕಾರ್ಲ್ ಕ್ಲಾರ್ಕ್ ಅನ್ನೋ ವಿಜ್ಞಾನಿ 1920ರ ದಶಕದಲ್ಲಿ ಈ ವಿಧಾನ ರೂಪಿಸಿದ್ರು, 1967ರಲ್ಲಿ ಗ್ರೇಟ್ ಕೆನೇಡಿಯನ್ ಆಯಿಲ್ ಸ್ಯಾಂಡ್ಸ್ ಅನ್ನೋ ಕಂಪನಿ, ಅಂದ್ರೆ ಇವತ್ತಿನ ಸನ್‌ಕೋರ್, ದೊಡ್ಡ ಮಟ್ಟದಲ್ಲಿ ಶುರು ಮಾಡ್ತು, 1978ರಲ್ಲಿ ಸಿಂಕ್ರೂಡ್ ಅನ್ನೋ ಇನ್ನೊಂದು ಕಂಪನಿ ಬಂತು. ಈಗ ಒಟ್ಟು ತೆಗೆಯೋ ಎಣ್ಣೆ ದಿನಕ್ಕೆ 30 ಲಕ್ಷ ಬ್ಯಾರಲ್ ದಾಟಿದೆ.

ಪಾತ್ರೆ ತೊಳೆದ ಮೇಲೆ ಆ ಕೊಳೆನೀರು ಎಲ್ಲಿಗೆ ಹೋಗತ್ತೆ? ಈ ಪ್ರಶ್ನೆ ತಲೇಲಿ ಇಟ್ಕೊಂಡು ಮ್ಯಾಪ್ ತೆಗೀರಿ, ನೀವು ನೋಡೋದ್ರಲ್ಲಿ ಅರ್ಧ ಅದರ ಉತ್ತರಾನೇ.

ಮೊದಲು ಜಾಗಕ್ಕೆ ಹೋಗಿ

ಹುಡುಕೋ ಜಾಗದಲ್ಲಿ 57.03, -111.60 ಅಂತ ಟೈಪ್ ಮಾಡಿ. ಮೈನಸ್ ಮರೀಬೇಡಿ, ಮರೆತ್ರೆ ಭೂಮಿಯ ಆ ಕಡೆ ಹೋಗಿ ಬೀಳ್ತೀರಿ. ಇದು ಫೋರ್ಟ್ ಮೆಕ್‌ಮರ್ರೆ ಊರಿಂದ ಉತ್ತರಕ್ಕೆ ಇರೋ ಮಿಲ್ಡ್ರೆಡ್ ಲೇಕ್ ಗಣಿ. ಸ್ವಲ್ಪ ಹಿಂದೆ ಸರೀರಿ, ಅಂದ್ರೆ ಝೂಮ್ ಔಟ್ ಮಾಡಿ, ಅಥಬಾಸ್ಕ ನದಿ ದಕ್ಷಿಣದಿಂದ ಉತ್ತರಕ್ಕೆ ಹೋಗೋದು ಪೂರ್ತಿ ಕಾಣೋ ತನಕ. ಈ ನದಿ ಉತ್ತರಕ್ಕೆ ಹರಿಯತ್ತೆ, ಮ್ಯಾಪಲ್ಲಿ ಮೇಲೆ ಇರೋದು ನದಿಗೆ ಕೆಳಗಿನ ಊರು, ಇದು ಕೊನೇಲಿ ಬೇಕಾಗತ್ತೆ.

ಈಗ ಟೈಮ್‌ಲ್ಯಾಪ್ಸ್ 1984ಕ್ಕೆ ತಂದು ನಿಲ್ಲಿಸಿ. ಸುತ್ತ ಹಸಿರು ಕಾಡು, ನದಿ ಪಕ್ಕ ಎರಡು ಬೂದು ಕಲೆ. ನಿಧಾನವಾಗಿ ಓಡಿಸಿ, ಜೋರಾಗಿ ಓಡಿಸಿದ್ರೆ ಆಟ ನೋಡಿದ ಹಾಗಾಗತ್ತೆ ಮನಸ್ಸಿಗೆ ಇಳಿಯಲ್ಲ. ಒಂದೊಂದು ವರ್ಷಕ್ಕೂ ನಿಲ್ಲಿಸಿ. ತೊಂಬತ್ತರ ದಶಕದಲ್ಲಿ ಕಲೆ ನಿಧಾನಕ್ಕೆ ಹರಡತ್ತೆ, 2000 ದಾಟಿದ ಮೇಲೆ ನದಿಯ ಎರಡೂ ಕಡೆ, ಉತ್ತರಕ್ಕೂ ಹೊಸ ಹೊಸ ಗಣಿ ಏಳತ್ತೆ. ಒಟ್ಟು ಗಣಿಗೆ ಬಲಿಯಾದ ನೆಲ 900 ಚದರ ಕಿಲೋಮೀಟರ್ ದಾಟಿದೆ. ಅಂಕಿ ಓದಿದಾಗ ಏನೂ ಅನಿಸಲ್ಲ, ಅದಕ್ಕೆ ರೂಲರ್ ಟೂಲ್ ತಗೊಂಡು ಒಂದೇ ಒಂದು ಗಣಿಯ ಉದ್ದ ಅಳೆದು ನೋಡಿ, ಒಂದು ಕೊನೆಯಿಂದ ಇನ್ನೊಂದು ಕೊನೆಗೆ ನಡೆದು ಹೋಗೋಕೆ ಎಷ್ಟು ಹೊತ್ತು ಬೇಕು ಅಂತ ಲೆಕ್ಕ ಹಾಕಿ, ಆಗ ಗೊತ್ತಾಗತ್ತೆ. ಗಣಿ ಒಳಗೆ ಝೂಮ್ ಮಾಡಿದ್ರೆ ಚುಕ್ಕಿ ಥರ ಕಾಣೋ ಟ್ರಕ್ಕುಗಳಿವೆ, ಅದರಲ್ಲಿ ದೊಡ್ಡವು ಒಂದೊಂದೂ ಒಂದು ಸಲಕ್ಕೆ 350 ಟನ್ನಿಗೂ ಹೆಚ್ಚು ಹೊರತ್ತೆ.

ಮತ್ತೆ ಇಲ್ಲಿ ಹೋಗಿರೋದು ಮರ ಮಾತ್ರ ಅಲ್ಲ. ಅಲ್ಲಿನ ನೆಲದಲ್ಲಿ ಬಹಳಷ್ಟು ಜೌಗು, ಸಾವಿರಾರು ವರ್ಷ ಪಾಚಿ ಸತ್ತು ಸತ್ತು ಪದರ ಪದರವಾಗಿ ಕೂತಿರೋ ಪೀಟ್ ಅನ್ನೋ ಮಣ್ಣು, ಅದರಲ್ಲಿ ಇಂಗಾಲ ಬಂಧಿಯಾಗಿರತ್ತೆ. ಗಣಿ ಮಾಡೋಕೆ ಮೊದಲು ಅದರ ನೀರು ಬಸಿದು ಕೆರೆದು ತೆಗೀತಾರೆ. 2012ರಲ್ಲಿ ಬಂದ ಒಂದು ಅಧ್ಯಯನದ ಲೆಕ್ಕದಲ್ಲಿ ಆಗಲೇ ಒಪ್ಪಿಗೆ ಸಿಕ್ಕಿದ್ದ ಗಣಿಗಳಿಂದ ಹೀಗೆ ಹೊರಗೆ ಬೀಳೋ ಇಂಗಾಲ 1.14 ಕೋಟಿಯಿಂದ 4.73 ಕೋಟಿ ಟನ್.

ಕೆರೆ ಯಾವುದು, ಕೊಳೆನೀರಿನ ಕೊಳ ಯಾವುದು

ನಾನು ಎಡವಿದ ಜಾಗ ಇದೇ, ಹಾಗಾಗಿ ಇಲ್ಲಿ ಹೊತ್ತು ತಗೊಳ್ಳಿ. ಬಿಟುಮೆನ್ ತೆಗೆದ ಮೇಲೆ ಉಳಿಯೋ ನೀರು, ಮರಳು, ಜೇಡಿ, ಅಳಿದುಳಿದ ಎಣ್ಣೆ, ನ್ಯಾಫ್ತೆನಿಕ್ ಆಸಿಡ್ ಅನ್ನೋ ವಿಷ, ಇದೆಲ್ಲಾ ಕಲೆತಿರೋದಕ್ಕೆ ಟೈಲಿಂಗ್ಸ್ ಅಂತಾರೆ, ಅದನ್ನ ತುಂಬಿಡೋದೇ ಟೈಲಿಂಗ್ಸ್ ಪಾಂಡ್. ಪಾಂಡ್ ಅಂತ ಹೆಸರು ಕೇಳಿ ಪುಟ್ಟ ಹೊಂಡ ಅಂದ್ಕೋಬೇಡಿ, ಎಲ್ಲಾ ಸೇರಿ 1.3 ಲಕ್ಷ ಕೋಟಿ ಲೀಟರ್ ದಾಟಿದೆ.

ಗುರುತು ಹಿಡಿಯೋದು ಹೀಗೆ. ನಿಜವಾದ ಕೆರೆ ದಂಡೆ ಅಂಕುಡೊಂಕು ಇರತ್ತೆ, ಆ ಕಡೆಯ ಜೌಗಿನ ಕೆರೆಗಳ ನೀರು ಕಡುಕಪ್ಪು ಇಲ್ಲಾ ಕಂದು, ಕಾಡು ದಡಕ್ಕೆ ಬಂದು ಮುಟ್ಟಿರತ್ತೆ. ಟೈಲಿಂಗ್ಸ್ ಕೊಳಕ್ಕೆ ಒಂದು ಕಡೆಯಾದ್ರೂ ಸ್ಕೇಲ್ ಇಟ್ಟು ಎಳೆದ ಹಾಗೆ ನೇರ ದಂಡೆ, ಅದು ಮಣ್ಣಿನ ಕಟ್ಟೆ, ಸುತ್ತ ಬೋಳು ನೆಲ, ಬಣ್ಣ ಬೂದು ಇಲ್ಲಾ ಹಾಲು ಬೆರೆಸಿದ ಹಸಿರು. ಇನ್ನೂ ಹತ್ತಿರ ಹೋಗಿ, ಒಂದು ಅಂಚಲ್ಲಿ ಬೀಸಣಿಗೆ ಬಿಚ್ಚಿಟ್ಟ ಹಾಗೆ ಮರಳು ಹರಡಿರತ್ತೆ, ಅದು ಪೈಪಿಂದ ಕೊಳೆ ಸುರಿಯೋ ಜಾಗ, ದಪ್ಪ ಮರಳು ಅಲ್ಲೇ ಬೀಳತ್ತೆ, ನುಣ್ಣನೆ ಜೇಡಿ ನೀರಲ್ಲಿ ಒಳಗೆ ಹೋಗತ್ತೆ. ಆ ಜೇಡಿನೇ ತಲೆನೋವು, ಅದು ತಾನಾಗಿ ತಳಕ್ಕೆ ಕೂತು ಗಟ್ಟಿ ಆಗಲ್ಲ, ದಶಕಗಟ್ಟಲೆ ಮೊಸರಿನ ಹಾಗೆ ಅರೆಬರೆಯಾಗಿ ನಿಂತಿರತ್ತೆ, ಅದಕ್ಕೇ 1967ರಿಂದ ಇವತ್ತಿಗೂ ಕೊಳಗಳು ಏರ್ತಾನೇ ಇರೋದು. ಮಿಲ್ಡ್ರೆಡ್ ಲೇಕ್ ಹತ್ತಿರ ಎದ್ದು ಕಾಣೋ ಹಳದಿ ಚೌಕಗಳು ಕಂಡ್ರೆ ಅದು ಗಂಧಕದ ರಾಶಿ, ಬಿಟುಮೆನ್ ಶುದ್ಧ ಮಾಡುವಾಗ ಬಂದದ್ದು, ಮಾರಾಟ ಆಗದೇ ಮೆಟ್ಟಿಲು ಮೆಟ್ಟಿಲಾಗಿ ಪೇರಿಸಿಟ್ಟಿರೋದು.

ಇದಕ್ಕಿಂತ ಒಳ್ಳೆ ಪರೀಕ್ಷೆ ಒಂದಿದೆ. ಕೋಪರ್ನಿಕಸ್ ಬ್ರೌಸರಲ್ಲಿ ತಾರೀಖು ಏಪ್ರಿಲ್ ಮಧ್ಯಕ್ಕೆ ಹಾಕಿ, ಮೋಡ ಕಮ್ಮಿ ಇರೋ ದಿನ ಆರಿಸಿ. ಸುತ್ತಲ ಕೆರೆಗಳೆಲ್ಲ ಇನ್ನೂ ಹೆಪ್ಪುಗಟ್ಟಿ ಬೆಳ್ಳಗಿರ್ತವೆ, ಆದ್ರೆ ಟೈಲಿಂಗ್ಸ್ ಕೊಳದಲ್ಲಿ ಬಿಸಿನೀರು ಬಂದು ಬೀಳ್ತಾ ಇರತ್ತಲ್ಲ, ಅದು ಅಲ್ಲಲ್ಲಿ ಕರಗಿ ಕಪ್ಪಗೆ ಕಾಣತ್ತೆ. ಮೋಡ ಇದ್ರೆ ಬೇರೆ ವರ್ಷದ ಏಪ್ರಿಲ್ ನೋಡಿ, ಒಂದಲ್ಲ ಒಂದು ಚೆನ್ನಾಗಿ ಸಿಗತ್ತೆ.

ಆ ಚಿತ್ರನ ಹಾಗೇ ಒಂದು ನಿಮಿಷ ನೋಡ್ತಾ ಇರಿ. ದಕ್ಷಿಣದಿಂದ ಹಾರಿ ಬರೋ ಬಾತುಕೋಳಿಗಳಿಗೂ ಅದೇ ಕಾಣೋದು, ಬೆಳ್ಳಗಿರೋ ನೆಲದ ಮಧ್ಯ ತೆರೆದ ನೀರು ಅಲ್ಲಿ ಮಾತ್ರ. 2008ರ ಏಪ್ರಿಲಲ್ಲಿ ಸಿಂಕ್ರೂಡ್‌ನವರ ಅರೋರಾ ಗಣಿ ಕೊಳದಲ್ಲಿ ಹಾಗೇ ಬಂದು ಇಳಿದ ಬಾತುಕೋಳಿಗಳು ರೆಕ್ಕೆಗೆ ಬಿಟುಮೆನ್ ಮೆತ್ತಿಕೊಂಡು ಏಳೋಕಾಗದೆ ಮುಳುಗಿದ್ವು, ಸತ್ತದ್ದು 1,606. ಹಕ್ಕಿ ಓಡಿಸೋ ಗ್ಯಾಸ್ ತೋಪು, ಬೆದರುಬೊಂಬೆ ಎಲ್ಲಾ ಇರತ್ತೆ, ಆದ್ರೆ ಆ ವರ್ಷ ಹಿಮ ಬಿದ್ದು ತಡ ಆಯ್ತು, ಸಮಯಕ್ಕೆ ಇಟ್ಟಿರಲಿಲ್ಲ. 2010ರಲ್ಲಿ ಕೋರ್ಟು ತಪ್ಪಿತಸ್ಥರು ಅಂತ ಹೇಳಿ 30 ಲಕ್ಷ ಕೆನಡಾ ಡಾಲರ್ ದಂಡ ಹಾಕ್ತು, ಅದೇ ವರ್ಷ ಅಕ್ಟೋಬರಲ್ಲಿ ಬಿರುಗಾಳಿಗೆ ಸಿಕ್ಕಿ ಕೊಳಗಳಿಗೆ ಇಳಿದು ಮತ್ತೆ ನೂರಾರು ಬಾತುಕೋಳಿ ಸತ್ವು.

"ಬರೀ ಮೂರು ಪರ್ಸೆಂಟ್" ಅನ್ನೋ ಮಾತನ್ನ ಪರೀಕ್ಷೆ ಮಾಡೋದು

ಅಗೆಯೋದು ಬರೀ ಮೂರು ಪರ್ಸೆಂಟ್ ಜಾಗ ಅಷ್ಟೇ ಅಂತ ಆಯಿಲ್ ಸ್ಯಾಂಡ್ಸ್ ಪರವಾಗಿ ಮಾತಾಡೋರು ಹೇಳ್ತಾರೆ. ಬಿಟುಮೆನ್ ಇರೋ ಪ್ರದೇಶ ಒಟ್ಟು ಸುಮಾರು 1,42,000 ಚದರ ಕಿಲೋಮೀಟರ್, ಅದರಲ್ಲಿ ಮೇಲಿಂದ ಅಗೆಯೋಕೆ ಆಗೋದು 4,800, ಹೆಚ್ಚು ಕಮ್ಮಿ ಮೂರು ಪರ್ಸೆಂಟ್, ಇದು ಸರಿಯಾದ ಅಂಕಿನೇ. ಆದ್ರೆ ಉಳಿದದ್ದನ್ನ ಮುಟ್ಟಲ್ಲ ಅಂತ ಅರ್ಥ ಅಲ್ಲ. ತೆಗೀಬಹುದಾದ ಎಣ್ಣೆಯಲ್ಲಿ ಸುಮಾರು ಎಂಬತ್ತು ಪರ್ಸೆಂಟ್ ಆಳದಲ್ಲಿದೆ, ಅದಕ್ಕೆ ನೆಲದೊಳಗೆ ಅಡ್ಡಡ್ಡ ಎರಡು ಕೊಳವೆ ಇಳಿಸ್ತಾರೆ, ಒಂದರ ಮೇಲೆ ಒಂದು ಐದು ಮೀಟರ್ ಅಂತರದಲ್ಲಿ, ಮೇಲಿನದ್ರಲ್ಲಿ ಹಬೆ ಬಿಡ್ತಾರೆ, ಬಿಟುಮೆನ್ ಕರಗಿ ಕೆಳಗಿನ ಕೊಳವೆಗೆ ಇಳಿಯತ್ತೆ. ಹಬೆ ಮಾಡೋಕೆ ಹಗಲೂ ರಾತ್ರಿ ನ್ಯಾಚುರಲ್ ಗ್ಯಾಸ್ ಉರಿಸಬೇಕು.

ಇದನ್ನ ನೋಡೋಕೆ ದಕ್ಷಿಣಕ್ಕೆ ಬನ್ನಿ, 55.6, -110.7 ಹಾಕಿ, ಕ್ರಿಸ್ಟಿನಾ ಲೇಕ್ ಸುತ್ತಮುತ್ತ. ಮೊದಲ ನೋಟಕ್ಕೆ ಕಾಡು ಕಾಡಾಗೇ ಇದೆ ಅನಿಸತ್ತೆ. ಝೂಮ್ ಮಾಡಿ. ಕಾಡಿನ ಮೇಲೆ ಯಾರೋ ಬ್ಲೇಡಲ್ಲಿ ಗೀಚಿದ ಹಾಗೆ ನೇರ ಗೆರೆಗಳು, ಒಂದನ್ನೊಂದು ಚೌಕ ಚೌಕವಾಗಿ ಕತ್ತರಿಸ್ತಾ ಹೋಗಿರ್ತವೆ, ಕಣ್ಣು ಹಾಯಿಸಿದಷ್ಟು ದೂರ. ನೆಲದಡಿ ಎಣ್ಣೆ ಎಲ್ಲಿದೆ ಅಂತ ಹುಡುಕೋಕೆ ಕಡಿದ ದಾರಿಗಳು ಅವು, ಸೈಸ್ಮಿಕ್ ಲೈನ್ ಅಂತಾರೆ. ಜೌಗಿನಲ್ಲಿ ಒಮ್ಮೆ ಕಡಿದ್ರೆ ದಶಕ ಕಳೆದ್ರೂ ಮರ ಬರಲ್ಲ. ತೋಳಗಳಿಗೆ ಇದು ಹೆದ್ದಾರಿ ಆಗತ್ತೆ, ದಟ್ಟ ಕಾಡಲ್ಲಿ ಬಚ್ಚಿಟ್ಟುಕೊಂಡು ಬದುಕ್ತಿದ್ದ ಕ್ಯಾರಿಬೂ ಜಿಂಕೆಗಳಿಗೆ ಅಡಗೋ ಜಾಗ ಇಲ್ಲದ ಹಾಗಾಯ್ತು, ಈಗ ಅವು ಕೆನಡಾ ಕಾನೂನಲ್ಲಿ ಅಪಾಯದಲ್ಲಿರೋ ಪ್ರಾಣಿ. ಒಂದು ಸಣ್ಣ ಕೆಲಸ ಮಾಡಿ, ಹತ್ತು ಕಿಲೋಮೀಟರ್ ಚೌಕ ಒಂದನ್ನ ಮನಸ್ಸಲ್ಲೇ ಹಾಕ್ಕೊಂಡು ಅದರೊಳಗೆ ಗೆರೆ ದಾಟದೇ ಈ ಕಡೆಯಿಂದ ಆ ಕಡೆಗೆ ಬೆರಳು ಓಡಿಸೋಕೆ ಆಗತ್ತಾ ನೋಡಿ.

ಹಬೆ ವಿಧಾನದಲ್ಲಿ ನೆಲ ಒಡೆಯೋದೂ ಇದೆ. 2013ರಲ್ಲಿ ಕೋಲ್ಡ್ ಲೇಕ್ ಹತ್ತಿರ ಪ್ರಿಮ್‌ರೋಸ್ ಅನ್ನೋ ಕಡೆ ಜೋರಾಗಿ ಹಬೆ ತುಂಬಿ ತೆಗೆಯೋ ವಿಧಾನ ನಡೀತಿತ್ತು, ಅಲ್ಲಿ ಬಿಟುಮೆನ್ ಬಿರುಕಿನಿಂದ ಮೇಲೆ ಉಕ್ಕಿ ತಿಂಗಳುಗಟ್ಟಲೆ ನಿಲ್ಲಲೇ ಇಲ್ಲ.

"ಸರಿ ಮಾಡಿದೀವಿ" ಅಂತಾರಲ್ಲ, ಅದನ್ನ ನೋಡೋದು

ಈಗ 57.00, -111.47 ಹಾಕಿ, ನದಿ ದಂಡೆ ಮೇಲೇ ಹಸಿರಾಗಿರೋ ದಿಬ್ಬ ಕಾಣತ್ತೆ, ವಾಪಿಸಿವ್ ಲುಕ್‌ಔಟ್. ಇದು ಸನ್‌ಕೋರ್‌ನ ಮೊದಲ ಟೈಲಿಂಗ್ಸ್ ಕೊಳ ಆಗಿತ್ತು, 2010ರಲ್ಲಿ ಮೇಲೆ ಮಣ್ಣು ಹಾಕಿ ಗಿಡ ನೆಟ್ರು. ಗಿಡ ಬಂದಿರೋದು ನಿಜ. ಆದ್ರೆ ಒಳಗಿದ್ದ ಜೇಡಿನೀರನ್ನ ಪಂಪ್ ಮಾಡಿ ಬೇರೆ ಕೊಳಕ್ಕೆ ಸಾಗಿಸಿ ಇಲ್ಲಿ ಮರಳು ತುಂಬಿದ್ದು, ಇದನ್ನೂ ಕೇಳ್ಕೊಂಡೇ ನೋಡಬೇಕು.

ಇಂಥ ಸುದ್ದಿ ಓದುವಾಗ ಎರಡು ಪದ ಬೇರೆ ಬೇರೆ ಮಾಡಿ. ರಿಕ್ಲೇಮ್ಡ್ ಅಂದ್ರೆ ಕಂಪನಿ ತಾನೇ ಸರಿ ಮಾಡಿದೀನಿ ಅಂತ ಹೇಳೋದು, ಸರ್ಟಿಫೈಡ್ ಅಂದ್ರೆ ಸರ್ಕಾರ ನೋಡಿ ಹೌದು ಅಂತ ವಾಪಸ್ ತಗೊಂಡಿದ್ದು. ಮೊದಲ ಸರ್ಟಿಫಿಕೇಟ್ ಸಿಕ್ಕಿದ್ದು 2008ರಲ್ಲಿ ಗೇಟ್‌ವೇ ಹಿಲ್ ಅನ್ನೋ ಜಾಗಕ್ಕೆ, 104 ಹೆಕ್ಟೇರ್, ಅಂದ್ರೆ ಒಂದು ಚದರ ಕಿಲೋಮೀಟರಿಗಿಂತ ಚೂರು ಹೆಚ್ಚು, ಅದನ್ನ 900ರ ಪಕ್ಕ ಇಟ್ಟು ನೋಡಿ. ಅದೂ ಟೈಲಿಂಗ್ಸ್ ಕೊಳ ಅಲ್ಲ, ಗಣಿಯ ಮೇಲ್ಮಣ್ಣು ಗುಡ್ಡೆ ಹಾಕಿದ್ದ ಜಾಗ. ಮತ್ತೆ ಮೊದಲು ಜೌಗಿದ್ದ ಕಡೆ ಈಗ ಒಣ ಗುಡ್ಡ, ಪೀಟ್ ಅನ್ನೋದು ಒಂದೆರಡು ತಲೆಮಾರಲ್ಲಿ ಬೆಳೆಯೋ ವಸ್ತು ಅಲ್ಲ.

ಮೇಲಿಂದ ಕಾಣದ್ದು

ಗಾಳಿಗೆ ಸೇರೋದು ಫೋಟೋದಲ್ಲಿ ಸಿಗಲ್ಲ, ಇದಕ್ಕೆ ಅಂಕಿ ಓದೋದು ಕಲೀಬೇಕು. ಅಂಕಿ ಕಂಡ ತಕ್ಷಣ ಕೇಳಬೇಕಾದ್ದು, ಇದನ್ನ ಅಳೆದರಾ ಇಲ್ಲಾ ಲೆಕ್ಕ ಹಾಕಿ ಬರೆದರಾ ಅಂತ. ಕಂಪನಿ ಕೊಡೋ ಅಂಕಿಯಲ್ಲಿ ಹೆಚ್ಚಿನದು ಕೂತು ಲೆಕ್ಕ ಹಾಕಿದ್ದು. ವಿಜ್ಞಾನಿಗಳು ವಿಮಾನದಲ್ಲಿ ಉಪಕರಣ ಇಟ್ಕೊಂಡು ಗಣಿ ಸುತ್ತ ಹಾರಿ ಅಳೆದಾಗ ಕಥೆನೇ ಬೇರೆ ಆಯ್ತು. 2019ರಲ್ಲಿ ಪ್ರಕಟ ಆದ ಅಧ್ಯಯನದಲ್ಲಿ ನಾಲ್ಕು ಗಣಿಗಳ ಕಾರ್ಬನ್ ಡೈಆಕ್ಸೈಡ್ ವರದಿಗಿಂತ 64 ಪರ್ಸೆಂಟ್ ಹೆಚ್ಚಿತ್ತು. 2024ರ ಜನವರೀಲಿ ಬಂದ ಇನ್ನೊಂದರಲ್ಲಿ ಗಾಳಿಗೆ ಸೇರೋ ಸಾವಯವ ಇಂಗಾಲದ ಆವಿಗಳು, ಅಂದ್ರೆ ಬಿಟುಮೆನ್ ಥರದ್ದರಿಂದ ಏಳೋ ಇಂಗಾಲದ ಸಂಯುಕ್ತಗಳು, ವರದಿಗಿಂತ 20ರಿಂದ 64 ಪಟ್ಟು ಅಂತ ಸಿಕ್ತು. ಪರ್ಸೆಂಟ್ ಅಲ್ಲ, ಪಟ್ಟು. ಇದನ್ನ ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ, ಅಷ್ಟು ವರ್ಷ ಗಣಿಗಳ ಪಕ್ಕದಲ್ಲೇ ಇರೋ ಫೋರ್ಟ್ ಮೆಕೇ ಊರಿನ ಜನ ಗಾಳಿ ವಾಸನೆ ಬರತ್ತೆ ಉಸಿರಾಡೋಕೆ ಆಗಲ್ಲ ಅಂತ ಹೇಳ್ತಾನೇ ಇದ್ರು.

ಎರಡನೇದು, ಬ್ಯಾರಲ್ ಲೆಕ್ಕನಾ ಒಟ್ಟು ಲೆಕ್ಕನಾ ಅಂತ ನೋಡಿ. ಒಂದು ಬ್ಯಾರಲಿಗೆ ಹೊಗೆ ಕಮ್ಮಿ ಮಾಡಿದೀವಿ ಅಂತ ಜಾಹೀರಾತು ಬರತ್ತೆ, ಅದು ನಿಜವೇ ಇರಬಹುದು, ಆದ್ರೆ ಬ್ಯಾರಲ್ ಸಂಖ್ಯೆ ಏರಿದ್ರೆ ಒಟ್ಟು ಏರತ್ತೆ. ಕೆನಡಾ ಸರ್ಕಾರದ್ದೇ ಲೆಕ್ಕದಲ್ಲಿ 1990ರಲ್ಲಿ ಆಯಿಲ್ ಸ್ಯಾಂಡ್ಸ್‌ನಿಂದ ವರ್ಷಕ್ಕೆ ಸುಮಾರು ಒಂದೂವರೆ ಕೋಟಿ ಟನ್ ಇದ್ದದ್ದು ಈಗ ಎಂಟು ಕೋಟಿ ದಾಟಿದೆ.

ಪೈಪ್‌ಲೈನ್ ಒಡೆದಾಗಲೂ ಇದು ಮಾಮೂಲಿ ಎಣ್ಣೆ ಥರ ನಡ್ಕೊಳ್ಳಲ್ಲ. ಗಟ್ಟಿ ಬಿಟುಮೆನ್ ಹರೀಲಿ ಅಂತ ತೆಳು ಎಣ್ಣೆ ಬೆರೆಸಿರ್ತಾರೆ, ಹೊರಗೆ ಚೆಲ್ಲಿದ್ರೆ ತೆಳುವಾದ್ದು ಆವಿಯಾಗಿ ಹೋಗತ್ತೆ, ಉಳಿದ ಡಾಂಬರು ನೀರಲ್ಲಿ ಮುಳುಗಬಹುದು. 2010ರ ಜುಲೈಯಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಎನ್‌ಬ್ರಿಡ್ಜ್ ಅನ್ನೋ ಕಂಪನಿಯ ಪೈಪ್ ಒಡೆದು ಕಲಮಜೂ ನದಿಗೆ ಸುಮಾರು 32 ಲಕ್ಷ ಲೀಟರ್ ಹೋಯ್ತು, ಕಂಟ್ರೋಲ್ ರೂಮಿನವರಿಗೆ 17 ಗಂಟೆ ಗೊತ್ತೇ ಆಗಲಿಲ್ಲ, ಆಮೇಲೆ ನದಿ ತಳ ಕೆರೆದು ಕೆರೆದು ತೆಗೆಯೋಕೆ ವರ್ಷಗಳು ಹಿಡೀತು.

ಕೊನೇಲಿ ನದಿ ಜೊತೆ ಕೆಳಗೆ ಹೋಗಿ

ಮ್ಯಾಪಲ್ಲಿ ಮೇಲಕ್ಕೆ, ನೀರಿಗೆ ಕೆಳಕ್ಕೆ. ದಾರೀಲಿ 57.40, -111.07 ಹತ್ತಿರ ಇಂಪೀರಿಯಲ್ ಆಯಿಲ್‌ನ ಕರ್ಲ್ ಗಣಿ ಇದೆ, ಅದನ್ನೂ ನೋಡ್ಕೊಳ್ಳಿ. 2022ರ ಮೇಯಲ್ಲಿ ಅಲ್ಲಿ ಕೊಳದ ಕೊಳೆ ಹೊರಗೆ ಜಿನುಗ್ತಿರೋದು ಕಂಪನಿಗೆ ಕಂಡಿತ್ತು. 2023ರ ಫೆಬ್ರವರಿಯಲ್ಲಿ ಇನ್ನೊಂದು ಕೊಳ ತುಂಬಿ 53 ಲಕ್ಷ ಲೀಟರ್ ಹರಿದ ಮೇಲೇನೇ ಕೆಳಗಿನ ಊರಿನ ಜನಕ್ಕೆ ಪೂರ್ತಿ ವಿಷಯ ಗೊತ್ತಾಗಿದ್ದು. ಆ ಒಂಬತ್ತು ತಿಂಗಳು ಅವರು ಎಂದಿನ ಹಾಗೇ ಬೇಟೆ ಆಡಿದ್ದಾರೆ, ಮೀನು ಹಿಡಿದಿದ್ದಾರೆ. ಅಥಬಾಸ್ಕ ಚಿಪೆವಯಾನ್ ಅನ್ನೋ ಮೂಲನಿವಾಸಿ ಸಮುದಾಯದ ಮುಖ್ಯಸ್ಥ ಆಲನ್ ಆಡಮ್ ಇದನ್ನ ಒಟ್ಟಾವಾದಲ್ಲಿ ಸಂಸತ್ತಿನ ಸಮಿತಿ ಮುಂದೆ ಹೋಗಿ ಹೇಳಿದ್ರು. ಈ ಜಿನುಗು ಯಾವ ಸ್ಯಾಟಲೈಟಲ್ಲೂ ನಿಮಗೆ ಕಾಣಲ್ಲ, ಇಂಥದ್ದಕ್ಕೆ ಎಣ್ಣೆ ಕಂಪನಿಗಳ ಮೇಲೆ ಕಣ್ಣಿಡೋ ಸಂಸ್ಥೆ ಆಲ್ಬರ್ಟಾ ಎನರ್ಜಿ ರೆಗ್ಯುಲೇಟರ್ ವೆಬ್‌ಸೈಟಲ್ಲಿ ಕಂಪ್ಲಯನ್ಸ್ ಡ್ಯಾಶ್‌ಬೋರ್ಡ್ ಅಂತ ಇದೆ, ಕಂಪನಿ ಹೆಸರು ಹಾಕಿ ಹುಡುಕಿ, ತಾರೀಖು ಮಾತ್ರ ಸರಿಯಾಗಿ ಓದಿ, ಯಾವಾಗ ಆಯ್ತು ಯಾವಾಗ ಹೇಳಿದ್ರು ಅನ್ನೋದರ ನಡುವಿನ ಅಂತರ ಬರೆದಿಟ್ಕೊಳ್ಳಿ.

ಇನ್ನೂ ಮೇಲೆ ಬನ್ನಿ, 58.71, -111.15. ನದಿ ನೂರು ಕವಲಾಗಿ ಒಡೆದು ಸರೋವರ ಸೇರೋ ಜಾಗ, ಹಸಿರು ನೀಲಿ ಹೆಣೆದ ಹಾಗೆ ಅಷ್ಟು ಚೆಂದ ಇದೆ, ಅದರಲ್ಲಿ ಬಹುಪಾಲು ವುಡ್ ಬಫಲೋ ರಾಷ್ಟ್ರೀಯ ಉದ್ಯಾನದ ಒಳಗಿದೆ, 1983ರಿಂದ ಯುನೆಸ್ಕೊ ಪಟ್ಟೀಲಿದೆ. ಸರೋವರದ ದಡದಲ್ಲಿ ಒಂದಷ್ಟು ಮನೆ, ಚಿಕ್ಕ ವಿಮಾನದ ಪಟ್ಟಿ. ಅದು ಫೋರ್ಟ್ ಚಿಪೆವಯಾನ್, ಕ್ರೀ, ಡೆನೆ, ಮೆಟಿ ಅನ್ನೋ ಮೂಲನಿವಾಸಿ ಜನರ ಊರು, ಚಳಿಗಾಲದಲ್ಲಿ ಹಿಮದ ಮೇಲೆ ಮಾಡೋ ರಸ್ತೆ ಬಿಟ್ರೆ ದೋಣಿ ಇಲ್ಲಾ ವಿಮಾನ. ಅಂಗಡಿ ಸಾಮಾನು ದುಬಾರಿ, ಅದಕ್ಕೇ ಮೀನು, ಮೂಸ್ ಅನ್ನೋ ದೊಡ್ಡ ಜಿಂಕೆ, ಬಾತುಕೋಳಿ ಅವರ ಊಟ. 2009ರಲ್ಲಿ ಆಲ್ಬರ್ಟಾದ ಕ್ಯಾನ್ಸರ್ ಮಂಡಳಿ ವರದೀಲೇ ಈ ಊರಲ್ಲಿ ಕ್ಯಾನ್ಸರ್ ನಿರೀಕ್ಷೆಗಿಂತ ಹೆಚ್ಚಿದೆ ಅಂತ ಬಂತು, ಕಾರಣ ಇಂಥದ್ದೇ ಅಂತ ಆ ವರದಿ ತೀರ್ಮಾನ ಮಾಡಲಿಲ್ಲ. ಮರುವರ್ಷ ಡೇವಿಡ್ ಶಿಂಡ್ಲರ್ ಅನ್ನೋ ನೀರಿನ ವಿಜ್ಞಾನಿ ಜೊತೆಗಿದ್ದ ತಂಡ ನದಿ ನೀರು ಮತ್ತೆ ಹಿಮದಲ್ಲಿ ಪಾದರಸ, ಸೀಸ, ಆರ್ಸೆನಿಕ್ ಸೇರಿ 13 ವಿಷವಸ್ತುಗಳನ್ನ ಅಳೆದು, ಆಯಿಲ್ ಸ್ಯಾಂಡ್ಸ್ ಕೆಲಸದಿಂದ ಇವು ನದಿಗೆ ಸೇರ್ತಿವೆ ಅಂತ ತೋರಿಸ್ತು.

ಇಲ್ಲಿಂದ ರೂಲರ್ ಹಿಡಿದು ನದಿ ಜೊತೆಗೇ ವಾಪಸ್ ಮಿಲ್ಡ್ರೆಡ್ ಲೇಕ್ ತನಕ ಅಳೀರಿ. ನೋಡಿದ ಒಂದೊಂದು ಜಾಗದ ಚಿತ್ರನೂ ತಾರೀಖು ಸಮೇತ ಸೇವ್ ಮಾಡಿ, ಮುಂದಿನ ವರ್ಷ ಅದೇ ತಿಂಗಳು ಅದೇ ಝೂಮಲ್ಲಿ ಮತ್ತೆ ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ಬೇಸಿಗೆದ್ದನ್ನ ಬೇಸಿಗೆ ಜೊತೆ ಮಾತ್ರ ಹೋಲಿಸಿ, ಜೂನ್‌ನಿಂದ ಸೆಪ್ಟೆಂಬರ್ ಒಳಗಿನದು ಆದ್ರೆ ಒಳ್ಳೇದು, ಹಿಮ ಬಿದ್ದ ಮೇಲೆ ಗಣಿನೂ ಕಾಡೂ ಒಂದೇ ಬಿಳಿ ಕಾಣತ್ತೆ.